ಶಾಸಕರ ನಿಲುವು ಮತ್ತು 371(ಜೆ): ಗೋಜಲಾದದ್ದು ಎಲ್ಲಿ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬಲಪಂಥೀಯ ಶಾಸಕರ ನಿಲುವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹೊರಗಿನವರಿಗೆ ತಲೆಬುಡ ತಿಳಿಯುವುದಿಲ್ಲ. ಕಾಶ್ಮೀರಕ್ಕೆ ವಿಶೇಷ ಸ್ಥಾನ ಬೇಡ, ಹಿಂದೆ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಡುವ ವಿಶೇಷ ಸ್ಥಾನ ಬೇಕೇ ಬೇಕು. ಸರ್ಕಾರದ ಖರ್ಚಿಗೆ ಕಡಿವಾಣ ಬೀಳಬೇಕು, ಆದರೆ ಈ ಭಾಗದ ಅಭಿವೃದ್ಧಿ ಮಂಡಳಿಯ ಅನುದಾನ ಒಂದು ರೂಪಾಯಿಯೂ ತಗ್ಗಬಾರದು. ಇದನ್ನು ಇಬ್ಬಗೆಯ ಮಾತೆಂದು ತಳ್ಳಿಹಾಕುವ ಮುನ್ನ ಈ ಭಾಗ ನಡೆದು ಬಂದ ದಾರಿಯನ್ನು ನೋಡಬೇಕು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಮರಾಠವಾಡಕ್ಕೆ ಸಂವಿಧಾನದ 371(2)ನೇ ವಿಧಿಯ ಆಸರೆ ಸಿಕ್ಕಿತು, ತೆಲಂಗಾಣಕ್ಕೆ ಮುಂದೆ 371(ಡಿ) ಬಂತು. ಕನ್ನಡನಾಡಿಗೆ ಸೇರಿದ ಬೀದರ್, ಗುಲ್ಬರ್ಗಾ, ರಾಯಚೂರಿಗೆ ಅಂಥದ್ದೇನೂ ಸಿಗಲಿಲ್ಲ. ಧರಂಸಿಂಗ್ ಸಮಿತಿ, ಅಭಿವೃದ್ಧಿ ಮಂಡಳಿ, ಬಂದ್, ಧರಣಿ, ಮನವಿಪತ್ರಗಳಲ್ಲೇ ದಶಕಗಳು ಕಳೆದವು. ಚಿಂಚೋಳಿಯಿಂದ ಶಾಸಕರಾಗಿ, ಸಚಿವರೂ ಆಗಿದ್ದ ವೈಜನಾಥ ಪಾಟೀಲರು ಅಧಿಕಾರ ಇದ್ದಾಗಲೂ ಇಲ್ಲದಿದ್ದಾಗಲೂ ಹಿಡಿದ ಪಟ್ಟು ಬಿಡಲಿಲ್ಲ. ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿಯನ್ನು ಮುನ್ನಡೆಸಿದರು. ಹೋರಾಟದ ಮಾತಿಗೆ ಲೆಕ್ಕದ ಬಲ ಕೊಟ್ಟದ್ದು ಪ್ರಾದೇಶಿಕ ಅಸಮತೋಲನವನ್ನು ತಾಲ್ಲೂಕುವಾರು ಅಳೆದ 2002ರ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ. ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವೇ ಆಗಿದ್ದವು.

ಬಲಪಂಥೀಯ ಶಾಸಕರ ಇಕ್ಕಟ್ಟು ಶುರುವಾದದ್ದು ಇದರ ನಂತರ. ಈ ಭಾಗಕ್ಕೆ ವಿಶೇಷ ಸ್ಥಾನ ಬೇಕೆಂದು 2010ರ ಮಾರ್ಚ್‌ನಲ್ಲಿ ವಿಧಾನಮಂಡಲ ನಿರ್ಣಯ ಮಾಡಿದಾಗ ರಾಜ್ಯದಲ್ಲಿ ಬಿಜೆಪಿ ಸರ್ಕಾರವಿತ್ತು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ತಿದ್ದುಪಡಿಗೆ ಒಪ್ಪಿಗೆ ಕೊಟ್ಟಾಗ ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ. ಹೀಗಾಗಿ 371(ಜೆ) ಎರಡೂ ಕಡೆಯವರ ಕೂಸು. 2019ರ ಆಗಸ್ಟ್‌ನಲ್ಲಿ 370ನೇ ವಿಧಿ ಕೊಡುತ್ತಿದ್ದ ವಿಶೇಷ ಸ್ಥಾನ ಹೋಯಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಇಲ್ಲಿ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂತು. ಎರಡಕ್ಕೂ ಚಪ್ಪಾಳೆ ತಟ್ಟಿದ ಶಾಸಕರ ವಾದ ಇಷ್ಟೇ: ಅದು ಬೇರೆಯಾಗಿ ಉಳಿಯುವುದಕ್ಕೆ, ಇದು ಉಳಿದವರ ಸಮ ಬರುವುದಕ್ಕೆ. ಈ ವಾದದಲ್ಲಿ ಹುರುಳಿದೆ. ಸಮ ಬರುವ ಕೆಲಸ ಎಲ್ಲಿಗೆ ಬಂದಿದೆ ಎಂದು ಕೇಳುವಾಗ ಮಾತ್ರ ದನಿ ತಗ್ಗುತ್ತದೆ.

ದುಡ್ಡು ಬಂದಿಲ್ಲ ಎನ್ನುವಂತಿಲ್ಲ. ಮಂಡಳಿಗೆ ವರ್ಷಕ್ಕೆ 1,500 ಕೋಟಿ ರೂಪಾಯಿ ಇದ್ದದ್ದು ಬಿಜೆಪಿ ಸರ್ಕಾರದ ಕೊನೆಯಲ್ಲಿ 3,000 ಕೋಟಿಯಾಯಿತು, 2023ರಲ್ಲಿ ಸರ್ಕಾರ ಬದಲಾದ ಮೇಲೆ 5,000 ಕೋಟಿಗೆ ಏರಿತು. ಅನುದಾನದಲ್ಲಿ ಮೈಕ್ರೋ, ಮ್ಯಾಕ್ರೋ ಎಂದು ಎರಡು ಭಾಗ. ದೊಡ್ಡ ಪಾಲಾದ ಮೈಕ್ರೋ, ಹಿಂದುಳಿದಿರುವಿಕೆಯನ್ನು ಅಳೆಯುವ ನಂಜುಂಡಪ್ಪ ಸೂಚ್ಯಂಕದ ಮೇಲೆ ತಾಲ್ಲೂಕುಗಳಿಗೆ ಹಂಚಿಕೆಯಾಗುತ್ತದೆ. ಅದರ ಕ್ರಿಯಾ ಯೋಜನೆ ಮಾಡುವಾಗ ನಡೆಯುವುದು ಶಾಸಕರ ಮಾತು. ಪಟ್ಟಿಯಲ್ಲಿ ಸಿಸಿ ರಸ್ತೆ, ಸಮುದಾಯ ಭವನ, ಚರಂಡಿ, ಶಾಲಾ ಕೊಠಡಿ. ಭೂಮಿಪೂಜೆಗೆ ಗುದ್ದಲಿ, ತೆಂಗಿನಕಾಯಿ, ಫೋಟೊ. ರಸ್ತೆ ಬೇಡವೆಂದಲ್ಲ, ಮಳೆಗಾಲದಲ್ಲಿ ಎರೆಮಣ್ಣಿನ ಹಾದಿಯಲ್ಲಿ ಕಾಲು ಹೂತವರಿಗೆ ಅದರ ಬೆಲೆ ಗೊತ್ತು. ಆದರೆ ಮತದಾರ ಕಣ್ಣಾರೆ ನೋಡುವ ಕೆಲಸಕ್ಕೆ ಸಿಕ್ಕ ಒತ್ತು ಕಣ್ಣಿಗೆ ಕಾಣದ ಕೆಲಸಕ್ಕೆ ಸಿಗಲಿಲ್ಲ. ಹೊಸ ಕೊಠಡಿಗೆ ಬಣ್ಣ ಬಳಿದಿರುತ್ತದೆ, ಗಣಿತ ಹೇಳಿಕೊಡಲು ಅತಿಥಿ ಶಿಕ್ಷಕರ ಬರವಿಗೆ ಕಾಯಬೇಕು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆಯ ಸ್ಥಾನಕ್ಕೆ ಬಿತ್ತು. 2025ರಲ್ಲಿ ಆ ಸ್ಥಾನ ಕಲಬುರಗಿಯದು, ಶೇ 42.43. ವಿಭಾಗದ ಕೇಂದ್ರವೇ ಹೀಗಿದ್ದರೆ ಹಳ್ಳಿಯ ಮಕ್ಕಳ ಗತಿಯೇನು?

ಇನ್ನು ನೌಕರಿ. 371(ಜೆ) ಅಡಿ ಈ ಭಾಗದ ಸರ್ಕಾರಿ ಕಚೇರಿಗಳ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿಯಲ್ಲಿ ಶೇ 80, ಡಿಯಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಕಾಗದದ ಮೇಲೆ ಇದಕ್ಕಿಂತ ಬಲವಾದ ಹಕ್ಕು ಇಲ್ಲ. ಅರ್ಜಿ ಹಾಕುವ ಹುಡುಗಿ ಮೊದಲು ಉಪವಿಭಾಗಾಧಿಕಾರಿಯಿಂದ 371(ಜೆ) ಪ್ರಮಾಣಪತ್ರ ಪಡೆಯಬೇಕು. ಆಮೇಲೆ ಮುಂದೆ ಬರುವುದು ‘ಹೈಕ’ವೋ ‘ಆರ್‌ಪಿಸಿ’ಯೋ ಎಂಬ ಪ್ರಶ್ನೆ, ಅಂದರೆ ಹೈದರಾಬಾದ್ ಕರ್ನಾಟಕದವರಿಗೆ ಮೀಸಲಾದ ಸ್ಥಳೀಯ ವೃಂದವೋ ರಾಜ್ಯದ ಉಳಿದ ಹುದ್ದೆಗಳ ಉಳಿಕೆ ಮೂಲ ವೃಂದವೋ. ಹೆಚ್ಚು ಅಂಕ ತೆಗೆದ ಇಲ್ಲಿನ ಅಭ್ಯರ್ಥಿಯನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂಬ ಬಗ್ಗೆ 2020ರಿಂದ ಈಚೆಗೆ ಸುತ್ತೋಲೆಗಳೇ ಬದಲಾಗಿವೆ. ತಕರಾರು ನ್ಯಾಯಾಲಯದ ಮೆಟ್ಟಿಲೇರುತ್ತದೆ, ನೇಮಕಾತಿ ನಿಲ್ಲುತ್ತದೆ, ವಯೋಮಿತಿ ಮೀರುತ್ತದೆ. ವಿರೋಧ ಪಕ್ಷದಲ್ಲಿ ಕುಳಿತಾಗ ಖಾಲಿ ಹುದ್ದೆಗಳ ಬಗ್ಗೆ ಗುಡುಗುವವರು ಆಡಳಿತ ಪಕ್ಷದ ಸಾಲಿಗೆ ಬಂದ ಕೂಡಲೇ ‘ಹಂತ ಹಂತವಾಗಿ’ ಎನ್ನತೊಡಗುತ್ತಾರೆ. ಈ ಮಾತು ಯಾವುದೋ ಒಂದು ಪಕ್ಷಕ್ಕೆ ಸೀಮಿತವಲ್ಲ.

ಕಡಿಮೆ ಸರ್ಕಾರ, ಹೆಚ್ಚು ಖಾಸಗಿ ಬಂಡವಾಳ ಎಂಬ ವಾದವನ್ನು ನಂಬುವ ಶಾಸಕರಿಗೆ ಇಲ್ಲಿ ಇನ್ನೂ ಒಂದು ಕಷ್ಟವಿದೆ. ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ನಿಂತು ಎಷ್ಟೋ ಕಾಲವಾಯಿತು. ಆದರೂ ತೊಗರಿ ರೈತನ ಮಗ ಗುಳೆ ಹೋಗುವುದು ನಿಂತಿಲ್ಲ. 371(ಜೆ) ಮೀಸಲಾತಿ ಕಾರ್ಖಾನೆಯ ಗೇಟಿನೊಳಗೆ ಕಾಲಿಡುವುದಿಲ್ಲ. ಅಲ್ಲಿ ಸ್ಥಳೀಯರಿಗೆ ಕೆಲಸ ಕೊಡಿಸಲು ಬೇರೆ ಕಾನೂನೇ ಬೇಕು. ಅಂಥ ಕಾನೂನಿಗೆ ಕೈ ಎತ್ತುತ್ತೀರಾ ಎಂದರೆ ಉತ್ತರ ನುಣುಚಿಕೊಳ್ಳುತ್ತದೆ.

ಮಂಡಳಿಯ ಕೆಲಸದ ಬಗ್ಗೆ ಪ್ರತಿ ವರ್ಷ ವಿಧಾನಸಭೆಯ ಮುಂದೆ ವರದಿ ಇಡಬೇಕೆಂದು 371(ಜೆ) ವಿಧಿಯೇ ಹೇಳುತ್ತದೆ. ಯಾವ ತಾಲ್ಲೂಕಿಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಯಾವ ಹುದ್ದೆ ಎಷ್ಟು ವರ್ಷದಿಂದ ಖಾಲಿ ಎಂದು ಹಿಡಿದು ಕೇಳಲು ಶಾಸಕರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕ್ರಿಯಾ ಯೋಜನೆಯ ಪಟ್ಟಿಗೆ ಹಾಕುವ ಜೋರಿನ ಅರ್ಧದಷ್ಟನ್ನು ಆ ಚರ್ಚೆಗೆ ಹಾಕಿದರೂ ಪಕ್ಷ ಯಾವುದೆಂದು ಈ ಭಾಗದ ಜನ ಕೇಳುವುದಿಲ್ಲ.