ಫೈಲಿನ ಹೆಸರು ಬದಲಿಸಿದರೆ ಚಿತ್ರ ಬದಲಾಗುವುದಿಲ್ಲ

"ಸರ್, ಯಾವ ಫಾರ್ಮ್ಯಾಟ್ ಬೇಕು ಹೇಳಿ, ಕನ್ವರ್ಟ್ ಮಾಡಿ ಕಳಿಸ್ತೀನಿ."

ಟೀ ಶರ್ಟ್ ಪ್ರಿಂಟ್ ಮಾಡಿಸಲು ಬರುವವರು ಮೊದಲು ಹೇಳುವ ಮಾತು ಇದು. ನಮಗೆ ಅನುಕೂಲವಾಗಲಿ ಅಂತಲೇ ಕೇಳುತ್ತಾರೆ, ಪಾಪ. ಆದರೆ 'ಕನ್ವರ್ಟ್' ಎಂಬ ಪದ ಕಿವಿಗೆ ಬಿದ್ದರೆ ನನಗೆ ಕಳವಳ ಶುರುವಾಗುತ್ತದೆ. ಇಲಸ್ಟ್ರೇಟರ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್‌ನ ಎಐ ಫೈಲ್ ಇದ್ದರೆ ಕೊಡಿ ಎನ್ನುತ್ತೇನೆ. ಅರ್ಧ ಗಂಟೆಯಲ್ಲಿ ಬರುತ್ತದೆ. ತೆರೆದರೆ ಒಳಗೆ ಅದೇ ಹಳೇ ಜೆಪಿಜಿ ಕೂತಿರುತ್ತದೆ.

ಇದೊಂದನ್ನು ಬಿಡಿಸಿ ಹೇಳುತ್ತೇನೆ. ಜೆಪಿಜಿ, ಪಿಎನ್‌ಜಿ ಎಂದರೆ ಬಣ್ಣದ ಚುಕ್ಕಿಗಳ ಸಾಲು. ಅಗಲಕ್ಕೆ 400 ಚುಕ್ಕಿ ಇದ್ದರೆ ಇರುವುದು 400 ಮಾತ್ರ. ವೆಕ್ಟರ್ ಚಿತ್ರದಲ್ಲಿ ಚುಕ್ಕಿಗಳೇ ಇಲ್ಲ. ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಷ್ಟು ಬಾಗಿಸು, ಒಳಗೆ ಈ ಬಣ್ಣ ತುಂಬು ಎಂಬ ಲೆಕ್ಕ ಇರುತ್ತದೆ. ಅದಕ್ಕೇ ಎಷ್ಟು ಹಿಗ್ಗಿಸಿದರೂ ಅಂಚು ಹರಿತವಾಗಿಯೇ ಇರುತ್ತದೆ. ಎಐ, ಇಪಿಎಸ್, ಎಸ್‌ವಿಜಿ, ಸಿಡಿಆರ್, ಪಿಡಿಎಫ್ ಇವೆಲ್ಲ ಆ ಲೆಕ್ಕವನ್ನು ಇಟ್ಟುಕೊಳ್ಳಬಲ್ಲ ಡಬ್ಬಿಗಳು. ಇಟ್ಟುಕೊಳ್ಳಬಲ್ಲವು, ಅಷ್ಟೇ. ಅದೇ ಡಬ್ಬಿಯೊಳಗೆ ಚುಕ್ಕಿಯ ಚಿತ್ರವನ್ನೂ ಇಡಬಹುದು. 400 ಚುಕ್ಕಿಯ ಲೋಗೋವನ್ನು ಪಿಡಿಎಫ್ ಮಾಡಿದರೆ ಸಿಗುವುದು 400 ಚುಕ್ಕಿಯ ಪಿಡಿಎಫ್. ಕಳೆದುಹೋದ ಗೆರೆ ವಾಪಸ್ ಬರುವುದಿಲ್ಲ.

ನೀವೇ ಪರೀಕ್ಷೆ ಮಾಡಬಹುದು. ಫೈಲ್ ತೆರೆದು 800 ಪರ್ಸೆಂಟ್ ಜೂಮ್ ಮಾಡಿ. ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿಯೋ ಮಸುಕಾಗಿಯೋ ಕಂಡರೆ ಅದು ಚುಕ್ಕಿಯ ಚಿತ್ರ. ಫೈಲಿನ ಹೆಸರಿನ ಕೊನೆಗೆ ಏನೇ ಬರೆದಿರಲಿ.

ಚುಕ್ಕಿಯ ಚಿತ್ರವನ್ನು ತಾನೇ ಗೆರೆಯಾಗಿ ಬದಲಿಸುವ ಆಟೋ ಟ್ರೇಸ್ ಸಾಫ್ಟ್‌ವೇರ್‌ನಲ್ಲಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ದೊಡ್ಡ, ಸರಳ ಆಕಾರಕ್ಕೆ ಕೆಲವೊಮ್ಮೆ ಸಾಕಾಗುತ್ತದೆ. ಆದರೆ ಅದು ಮಸುಕಾದ ಅಂಚನ್ನು ನೋಡಿ ಗೆರೆ ಎಲ್ಲಿತ್ತು ಅಂತ ಊಹಿಸುತ್ತದೆ. ವೃತ್ತ ಸೊಟ್ಟಗಾಗುತ್ತದೆ, ಸಣ್ಣ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾವು ಕೈಯಿಂದ ಮತ್ತೆ ಬರೆಯುವುದೇ ವಾಸಿ.

ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ, ಅದರ ವಿಷಯದಲ್ಲೂ ಇದೇ ಗೋಳು. "300 ಡಿಪಿಐ ಮಾಡಿದ್ದೀನಿ ಸರ್" ಎನ್ನುತ್ತಾರೆ. ಸೆಟ್ಟಿಂಗ್‌ನಲ್ಲಿ 72 ಅಳಿಸಿ 300 ಎಂದು ಬರೆದಿರುತ್ತಾರೆ. 600 ಪಿಕ್ಸೆಲ್ (ಅದೇ ಚುಕ್ಕಿ) ಅಗಲದ ಚಿತ್ರಕ್ಕೆ 300 ಎಂದು ಬರೆದರೆ ಅದು 2 ಇಂಚಿನ ಚಿತ್ರ. 12 ಇಂಚು ಅಗಲ ಬೇಕೆಂದರೆ 3600 ಪಿಕ್ಸೆಲ್ ನಿಜವಾಗಿ ಇರಬೇಕು. ಸ್ವಲ್ಪ ಕಡಿಮೆ ಇದ್ದರೂ ಕೆಲವು ಚಿತ್ರ ಚೆನ್ನಾಗಿಯೇ ಬರುತ್ತವೆ. ಬಟ್ಟೆ, ಪ್ರಿಂಟ್ ಮಾಡುವ ವಿಧಾನ ನೋಡಿ ಹೇಳಬೇಕಾಗುತ್ತದೆ. ಸಣ್ಣ ಅಕ್ಷರಗಳಿದ್ದರೆ ಮಾತ್ರ ನಾನು ಒಪ್ಪುವುದಿಲ್ಲ.

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಫಿಲ್ಮ್ ತೆಗೆಯುತ್ತೇವೆ. ಎರಡೇ ಬಣ್ಣದ ಲೋಗೋ ಜೆಪಿಜಿಯಾಗಿ ಬಂದರೆ ಅಂಚಿನಲ್ಲಿ ಹತ್ತಾರು ನಡುಬಣ್ಣಗಳು ಸೇರಿರುತ್ತವೆ. ಕೆಂಪು ಎಲ್ಲಿ ಮುಗಿಯಿತು, ನೀಲಿ ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ.

ಜೆಪಿಜಿಗೆ ಇನ್ನೊಂದು ಕೊರತೆ ಇದೆ. ಅದರಲ್ಲಿ ಪಾರದರ್ಶಕ ಹಿನ್ನೆಲೆ ಇರುವುದಿಲ್ಲ. ಡಿಟಿಎಫ್ ಪ್ರಿಂಟರ್ (ಫಿಲ್ಮ್ ಹಾಳೆಯ ಮೇಲೆ ಪ್ರಿಂಟ್ ಮಾಡಿ ಬಟ್ಟೆಗೆ ಒತ್ತುವ ವಿಧಾನದ್ದು) ಬಣ್ಣಕ್ಕೆ ಆಸರೆಯಾಗಿ ಬಿಳಿ ಇಂಕು ಹಾಕುತ್ತದೆ. ಹಿನ್ನೆಲೆಯ ಬಿಳಿಯನ್ನೂ ಚಿತ್ರ ಅಂತಲೇ ಓದಿಕೊಂಡರೆ ಕಪ್ಪು ಶರ್ಟ್ ಮೇಲೆ ಬಿಳೀ ಚೌಕ ಬರುತ್ತದೆ. ಪಾರದರ್ಶಕ ಪಿಎನ್‌ಜಿ ಇದ್ದರೆ ಈ ತೊಂದರೆ ಇಲ್ಲ. ಅದರಲ್ಲೂ ಲೋಗೋ ಸುತ್ತ ನೆರಳು, ಹೊಳಪು ಹಾಕಬೇಡಿ. ಅರ್ಧ ಪಾರದರ್ಶಕ ಜಾಗದ ಕೆಳಗೂ ಬಿಳಿ ಇಂಕು ಬಿದ್ದು ಅಂಚು ಬೂದು ಬಳಿದ ಹಾಗೆ ಕಾಣುವ ಸಾಧ್ಯತೆ ಜಾಸ್ತಿ.

ಹಾಗಂತ ಎಲ್ಲದಕ್ಕೂ ವೆಕ್ಟರ್ ಬೇಕಿಲ್ಲ. ಫೋಟೋ ಹಾಕಿಸುವುದಾದರೆ ಕ್ಯಾಮೆರಾದಿಂದ ಬಂದ ಮೂಲ ಜೆಪಿಜಿಯೇ ಒಳ್ಳೆಯದು. ಸುಮ್ನೆ ಟ್ರೇಸ್ ಮಾಡಿಸಿ ಕೆಡಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ವೆಕ್ಟರ್ ಫೈಲಾದರೆ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಗೆರೆಗಳಿಗೆ, ಬದಲಿಸಿ ಕೊಡಿ. ನಿಮ್ಮ ಫಾಂಟ್ ನಮ್ಮ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಂದು ನಿಲ್ಲಬಹುದು.

ಒಮ್ಮೆ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆಂದು ಒಬ್ಬರು ಬಂದಿದ್ದರು. ಶಾಲೆಯ ಲಾಂಛನ ಎಷ್ಟೋ ಫೋನ್ ದಾಟಿ ಅವರ ಕೈ ಸೇರಿತ್ತು. ನಾನು ಬೇಡ ಅಂದಷ್ಟೂ ಸಲ ಹೊಸ ಫಾರ್ಮ್ಯಾಟ್‌ನಲ್ಲಿ ತಂದರು. ಜೆಪಿಜಿ, ಪಿಎನ್‌ಜಿ, ಪಿಡಿಎಫ್, ಕೊನೆಗೆ 9 ಎಂಬಿಯ ಎಐ. ಎಲ್ಲದರಲ್ಲೂ ಅದೇ ಮಸುಕು ದೀಪ, ಓದಲಾಗದ ಅದೇ ಧ್ಯೇಯವಾಕ್ಯ. ಅವರ ಮುಖದಲ್ಲಿ ಬೇಸರ, ನನ್ನ ದನಿಯಲ್ಲೂ ಸಿಡುಕು. ಆಗ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. "ಇದನ್ನ ಮೊದಲು ಕಂಪ್ಯೂಟರ್‌ನಲ್ಲಿ ಬರೆದವರು ಯಾರು?"

ಅವರದೇ ತರಗತಿಯ ಗೆಳತಿಯಂತೆ. ಹತ್ತು ವರ್ಷದಿಂದ ಮಾತಿರಲಿಲ್ಲವಂತೆ. ಅವತ್ತೇ ಫೋನ್ ಮಾಡಿದರು. ಫೈಲಿನ ಮಾತು ಎರಡು ನಿಮಿಷದಲ್ಲಿ ಮುಗಿಯಿತು, ಉಳಿದದ್ದು ಮುಗಿಯಲು ಮುಕ್ಕಾಲು ಗಂಟೆ ಬೇಕಾಯಿತು. ಮರುದಿನ ಹಳೇ ಕೋರೆಲ್‌ಡ್ರಾ ಫೈಲ್ (ಸಿಡಿಆರ್) ಬಂತು, ಒಳಗೆ ನಿಜವಾದ ಗೆರೆಗಳಿದ್ದವು. ತೂಕ ಬರೀ 60 ಕೆಬಿ.

"ಇಷ್ಟು ಚಿಕ್ಕದು ಸಾಕಾಗುತ್ತಾ ಸರ್?" ಎಂದು ಆತಂಕದಿಂದ ಕೇಳಿದರು. ಎದೆಗೆ 3 ಇಂಚು, ಬೆನ್ನಿಗೆ 12 ಇಂಚು, ಎರಡನ್ನೂ ಅದೇ ಫೈಲಿನಿಂದ ತೆಗೆದೆವು. ಎದೆಯ ಮೇಲಿನ ಧ್ಯೇಯವಾಕ್ಯವನ್ನು ಅವರು ಕನ್ನಡಕ ಇಲ್ಲದೆಯೇ ಗಟ್ಟಿಯಾಗಿ ಓದಿದರು.