ಆ ತಪ್ಪು ಉತ್ತರ ನನಗೆ ಬೇಕಿತ್ತು

ಮೂರನೇ ತರಗತಿಯ ಹುಡುಗನೊಬ್ಬನ ಹೋಂವರ್ಕ್ ಪುಸ್ತಕ. ಕಳೆಯುವ ಲೆಕ್ಕ ಇಪ್ಪತ್ತು, ಇಪ್ಪತ್ತೂ ಸರಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಉತ್ತರಗಳ ಅಡಿಯಲ್ಲಿ ರಬ್ಬರ್ ಉಜ್ಜಿದ ಗುರುತು ಕಂಡಿತು, ಅದರೊಳಗೆ ಬೇರೆಯೇ ಅಂಕಿಗಳು. 52ರಲ್ಲಿ 38 ಕಳೆದರೆ 14 ಎಂದು ಮೇಲೆ ಬರೆದಿತ್ತು. ಅಡಿಯಲ್ಲಿ ಮಸುಕಾಗಿ 26. ಪಕ್ಕದಲ್ಲಿ 63ರಲ್ಲಿ 27: ಮೇಲೆ 36, ಅಡಿಯಲ್ಲಿ 44.

ಇವು ಬಾಯಿಗೆ ಬಂದಂತೆ ಹೇಳಿದ ಉತ್ತರಗಳಲ್ಲ. 2ರಲ್ಲಿ 8 ಹೋಗುವುದಿಲ್ಲವಾದ್ದರಿಂದ ಹುಡುಗ 8ರಲ್ಲಿ 2 ಕಳೆದು 6 ಎಂದು ಬರೆದಿದ್ದ. 5ರಲ್ಲಿ 3 ಹೋದರೆ 2. ಎಲ್ಲ ಲೆಕ್ಕದಲ್ಲೂ ಅದೇ ನಿಯಮ, ಶ್ರದ್ಧೆಯಿಂದ ಪಾಲಿಸಿದ ನಿಯಮ. ಅವನಿಗೆ ಕಳೆಯಲು ಬರುತ್ತಿತ್ತು. ಪಕ್ಕದ ಹತ್ತರ ಸ್ಥಾನದಿಂದ ಸಾಲ ತರಬಹುದೆಂಬುದು ಮಾತ್ರ ತಲೆಗೆ ಇಳಿದಿರಲಿಲ್ಲ. ಅಂದರೆ ನನ್ನ ಪಾಠದಲ್ಲೇ ಎಲ್ಲೋ ಎಡವಟ್ಟಾಗಿತ್ತು. ಹತ್ತು ಕಡ್ಡಿಗಳ ಕಟ್ಟೊಂದನ್ನು ಎದುರಿಗೆ ಬಿಚ್ಚಿ ತೋರಿಸಿದ್ದರೆ ಒಂದು ಪೀರಿಯಡ್‌ನ ಕೆಲಸ. ಆದರೆ ಅವನ ತಂದೆ ದಿನವೂ ರಾತ್ರಿ ಪಕ್ಕದಲ್ಲಿ ಕೂತು ರಬ್ಬರ್ ಹಿಡಿದರು, ನಾನು ನಾಲ್ಕು ವಾರ ಕೆಂಪು ಶಾಯಿಯಲ್ಲಿ ‘ಗುಡ್’ ಬರೆದೆ. ಕಿರುಪರೀಕ್ಷೆಯ ದಿನ 26 ಮತ್ತೆ ಎದ್ದು ಬಂತು. ಹಾಳೆಯನ್ನು ಬೆಳಕಿಗೆ ಹಿಡಿದದ್ದು ಆಮೇಲೆ.

ಹೋಂವರ್ಕ್ ಬೇಕೋ ಬೇಡವೋ ಎಂದು ಪ್ರತಿ ಪೋಷಕರ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ಎರಡನೇ ತರಗತಿಯವರೆಗೆ ಬೇಡವೇ ಬೇಡ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯೂ ಹಾಗೆಯೇ ಹೇಳುತ್ತದೆ. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ದಿನಕ್ಕಲ್ಲ, ವಾರಕ್ಕೆ. ಆರರಿಂದ ಎಂಟರವರೆಗೆ ದಿನಕ್ಕೆ 1 ಗಂಟೆ, ಅದರ ಮೇಲಿನವರಿಗೆ 2. ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಅಲ್ಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಹೇಳಿದ್ದೂ ಸ್ಥೂಲವಾಗಿ ಇದೇ ದಿಕ್ಕಿನದು: ಏಳನೇ ತರಗತಿಯಿಂದ ಮೇಲೆ ಹೋಂವರ್ಕಿಗೂ ಕಲಿಕೆಗೂ ನಂಟು ಗಟ್ಟಿಯಾಗಿ ಕಾಣುತ್ತದೆ, ಕೆಳಗಿನ ತರಗತಿಗಳಲ್ಲಿ ಸಡಿಲ. ನಂಟು ಕಂಡ ಮಾತ್ರಕ್ಕೆ ಇದರಿಂದಲೇ ಅದಾಯಿತು ಎನ್ನಲಾಗದು, ಹಾಗಾಗಿ ನಾನು ಇದನ್ನು ಹೆಚ್ಚು ಎಳೆಯುವುದಿಲ್ಲ.

ನನಗೆ ಎಳೆಯಬೇಕಿರುವುದು ಬೇರೆ. ಹೋಂವರ್ಕ್ ಎಂದರೆ ಶಿಕ್ಷಕಿಗೆ ಬರುವ ವರದಿ. ನಾನು ಕಲಿಸಿದ್ದರಲ್ಲಿ ಎಷ್ಟು ಮಗುವಿನ ಒಳಗೆ ನಿಂತಿದೆ, ಎಷ್ಟು ಸೋರಿ ಹೋಗಿದೆ ಎಂದು ಅದು ಹೇಳಬೇಕು. ನೀವು ತಿದ್ದಿ ಕಳಿಸಿದರೆ ಮಗುವಿನ ವರದಿಯ ಬದಲು ನಿಮ್ಮ ವರದಿ ಬರುತ್ತದೆ. ನಿಮಗೆ 52ರಲ್ಲಿ 38 ಕಳೆಯಲು ಬರುತ್ತದೆ ಎಂದು ತಿಳಿದು ನನಗಾಗುವುದೇನು?

ಆ ಹುಡುಗನ ತಂದೆ ಕೊಡಗಿನ ಗೋಣಿಕೊಪ್ಪ ಕಡೆಯ ಕಾಫಿ ಬೆಳೆಗಾರರು. ಕರೆಸಿ ಮಾತಾಡಿದಾಗ ಸ್ವಲ್ಪ ಬಿಗಿಯಾಗಿಯೇ ಇದ್ದರು. “ತಪ್ಪು ಇಟ್ಟುಕೊಂಡು ಕಳಿಸಿದರೆ ಮನೆಯಲ್ಲಿ ಯಾರೂ ನೋಡುವವರಿಲ್ಲ ಎಂದುಕೊಳ್ಳುತ್ತೀರಿ, ಟೀಚರ್” ಎಂದರು. ಆ ಮಾತಿನಲ್ಲಿ ಸತ್ಯವಿತ್ತು. ಹಾಗೆ ಅಂದುಕೊಳ್ಳುವ ಶಿಕ್ಷಕರು ಇದ್ದಾರೆ, ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೇನೆ. ನಾನು ಔಟ್‌ಟರ್ನ್ ಬಗ್ಗೆ ಕೇಳಿದೆ. ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು, ಮಾರುವಾಗ 50 ಕೆ.ಜಿ. ಚೀಲಕ್ಕೆ ಎಷ್ಟು ಕೆ.ಜಿ. ಬೀಜ ಕೂರುತ್ತದೆ ಎಂದು ವ್ಯಾಪಾರಿ ಸ್ಯಾಂಪಲ್ ತೆಗೆದು ನೋಡುತ್ತಾನಲ್ಲ, ಆಗ ನೀವು ಒಳ್ಳೆಯ ಹಣ್ಣನ್ನೇ ಆರಿಸಿ ಅವನ ಕೈಗೆ ಕೊಡುತ್ತೀರಾ ಎಂದೆ. “ಕೊಟ್ಟರೆ ಅವನು ತೆಗೆದುಕೊಳ್ಳುತ್ತಾನೆಯೇ? ಚೀಲದ ಒಳಗಿಂದ ತೆಗೆಯುತ್ತಾನೆ” ಎಂದವರು, ಹೇಳುತ್ತಲೇ ಅರ್ಧಕ್ಕೆ ನಿಲ್ಲಿಸಿ ನಕ್ಕರು.

ಸಿದ್ದಾಪುರದ ಕಡೆ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳ ಪುಸ್ತಕ ಇದಕ್ಕೆ ತದ್ವಿರುದ್ಧ. ಮನೆಮಾತು ಎರವ ಬುಡಕಟ್ಟಿನ ಭಾಷೆ, ತಾಯಿಗೆ ಓದು ಬರಹವಿಲ್ಲ. ಪುಟ ತುಂಬ ತಪ್ಪು, ಒಂದೂ ಅಳಿಸಿದ್ದಿಲ್ಲ. ಎರಡೇ ದಿನದಲ್ಲಿ ಅವಳಿಗೆ ಎಲ್ಲಿ ತೊಡಕಾಗಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಇದನ್ನು ಚೆಂದದ ಕತೆ ಮಾಡುವ ಆಸೆ ನನಗಿಲ್ಲ. ಜನವರಿ, ಫೆಬ್ರವರಿಯ ಕೊಯ್ಲಿನಲ್ಲಿ ತಮ್ಮನನ್ನು ನೋಡಿಕೊಳ್ಳಬೇಕಾಗಿ ಅವಳು ಎಷ್ಟೋ ದಿನ ಪುಸ್ತಕ ಬಿಚ್ಚುತ್ತಲೇ ಇರಲಿಲ್ಲ, ನಾನು ಬೈದದ್ದೂ ಉಂಟು. ಬೈದದ್ದು ತಪ್ಪು.

ಹಾಗೆಂದು ಎಲ್ಲ ಹೊರೆಯನ್ನೂ ಪೋಷಕರ ತಲೆಗೆ ಕಟ್ಟಲಾರೆ. ತರಗತಿಯಲ್ಲಿ ಮುಗಿಯದ ಪಾಠವನ್ನು ಮನೆಗೆ ದಾಟಿಸುವುದು ನಮ್ಮವರ ಹಳೆಯ ಚಾಳಿ. ಮಳೆಯೆಂದು ಜಿಲ್ಲಾಧಿಕಾರಿ ರಜೆ ಘೋಷಿಸಿದ ಬೆಳಿಗ್ಗೆಯೇ ವಾಟ್ಸಾಪ್‌ನಲ್ಲಿ ಆರು ಪುಟದ ಹಾಳೆ ಬರುತ್ತದೆ. ಮರ ಬಿದ್ದು ಮೂರು ದಿನದಿಂದ ಕರೆಂಟ್ ಇಲ್ಲದ ಮನೆಯಲ್ಲಿ ಅದನ್ನು ತೆರೆಯುವುದೇ ಕಷ್ಟ. ಪ್ರಾಜೆಕ್ಟ್‌ಗಳ ವಿಷಯ ಕೇಳಲೇಬೇಡಿ. ನಮ್ಮ ಪೇಟೆಯ ಜೆರಾಕ್ಸ್ ಅಂಗಡಿಯವರು ಆರನೇ ತರಗತಿಯ ವಿಜ್ಞಾನವನ್ನು ನನಗಿಂತ ಹೆಚ್ಚು ಸಲ ಪಾಸು ಮಾಡಿರಬೇಕು.

ಪಕ್ಕದಲ್ಲಿ ಕೂರಬೇಡಿ ಎಂದು ಹೇಳುತ್ತಿಲ್ಲ. ಕೂರಿ, ಕಾಫಿ ಕುಡಿಯಿರಿ, ‘ಇದನ್ನು ಹೇಗೆ ಮಾಡಿದೆ’ ಎಂದು ಕೇಳಿ. ಉತ್ತರ ಹೇಳಬೇಡಿ. ಮಗುವಿಗೆ ತಿಳಿಯದಿದ್ದರೆ ಜಾಗ ಖಾಲಿ ಬಿಡಲಿ. ಖಾಲಿ ಜಾಗವನ್ನೂ ನಾನು ಓದಬಲ್ಲೆ. ನೋಡಿ ನಕಲು ಮಾಡುವ ಬದಲು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಲಿ, ಐದೇ ಸಾಲಾದರೂ ಸಾಕು. ಒಂದು ಎಚ್ಚರಿಕೆ: ಹತ್ತು ನಿಮಿಷದ ಕೆಲಸಕ್ಕೆ ವಾರಗಟ್ಟಲೆ ಒಂದು ಗಂಟೆ ಹಿಡಿಯುತ್ತಿದ್ದರೆ ಸೋಮಾರಿತನವೆಂದು ತೀರ್ಮಾನಿಸಬೇಡಿ. ದೃಷ್ಟಿದೋಷವಿರಬಹುದು, ಓದು ಬರಹದ ಕಲಿಕೆಯ ತೊಂದರೆಯೂ ಇರಬಹುದು. ಅದನ್ನು ಪತ್ತೆ ಮಾಡುವುದು ನನ್ನ ವಿದ್ಯೆಯಲ್ಲ, ವೈದ್ಯರಿಗೆ ತೋರಿಸಿ.

ಆ ಬೆಳೆಗಾರರ ಮಗನ ಪುಸ್ತಕ ಮುಂದಿನ ವಾರ ಬಂತು. ಈ ಸಲ ಗುಣಾಕಾರ. ಇಪ್ಪತ್ತರಲ್ಲಿ ಹದಿಮೂರು ತಪ್ಪು. ಪುಟದ ಕೊನೆಯಲ್ಲಿ ತಂದೆಯ ಕೈಬರಹ: “ಟೀಚರ್, ಯಾವುದನ್ನೂ ಮುಟ್ಟಿಲ್ಲ. ಬಹಳ ಕಷ್ಟವಾಯಿತು.”