ಅಪ್‌ಡೇಟ್ ಆದ ಮೊದಲ ದಿನದ ಕಂಪ್ಯೂಟರ್

ಆಪರೇಟಿಂಗ್ ಸಿಸ್ಟಂನ ದೊಡ್ಡ ಅಪ್‌ಡೇಟ್ ಮುಗಿದು ಕಂಪ್ಯೂಟರ್ ಮತ್ತೆ ತೆರೆದುಕೊಂಡ ಒಂದೆರಡು ಗಂಟೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಮಾತು, ಮೊದಲಿಗಿಂತ ನಿಧಾನವಾಯಿತು ಎಂಬುದು. ಈ ದೂರು ಸುಳ್ಳಲ್ಲ; ಆದರೆ ಅದನ್ನು ಹೊಸ ಆವೃತ್ತಿಯ ಸ್ವಭಾವವೆಂದೇ ತಿಳಿಯುವುದು ಆತುರವಾದೀತು. ಮ್ಯಾಕ್‌ನಲ್ಲಿ ಫ್ಯಾನಿನ ಸದ್ದು ಏರಿದ್ದಾಗ, ಯಾವ ತಂತ್ರಾಂಶ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಆ್ಯಕ್ಟಿವಿಟಿ ಮಾನಿಟರ್ ತೆರೆದು ನೋಡಿದರೆ, ‘ಎಂಡಿಎಸ್’, ‘ಎಂಡಿವರ್ಕರ್’ ಎಂಬ ಹೆಸರುಗಳು ಪಟ್ಟಿಯ ತುದಿಯಲ್ಲಿ ಕಾಣುವುದುಂಟು. ಇವು 2005ರ ಟೈಗರ್ ಆವೃತ್ತಿಯೊಂದಿಗೆ ಬಂದ ಸ್ಪಾಟ್‌ಲೈಟ್ ಹುಡುಕಾಟದ ಆಳುಗಳು. ಡಿಸ್ಕಿನಲ್ಲಿರುವ ಕಡತಗಳನ್ನು ಒಂದೊಂದಾಗಿ ಓದಿ, ಯಾವ ಪದ ಎಲ್ಲಿದೆ ಎಂಬ ಸೂಚಿಯನ್ನು ಮತ್ತೆ ಕಟ್ಟುತ್ತಿರುತ್ತವೆ. ಕಡತಗಳು ಲಕ್ಷಗಟ್ಟಲೆ ಇದ್ದರೆ ಈ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಇದರ ಜೊತೆಗೆ, ಪದೇ ಪದೇ ಬೇಕಾಗುವ ದತ್ತಾಂಶವನ್ನು ಮೆಮೊರಿಯಲ್ಲಿ ಕೈಗೆಟಕುವಂತೆ ಇರಿಸಿಕೊಂಡಿದ್ದ ಸಂಗ್ರಹವೂ ರೀಸ್ಟಾರ್ಟ್‌ನೊಂದಿಗೆ ಬರಿದಾಗಿರುತ್ತದೆ. ಹೀಗಾಗಿ ಪ್ರತಿಯೊಂದು ತಂತ್ರಾಂಶವೂ ಮೊದಲ ಸಲ ಡಿಸ್ಕಿನಿಂದಲೇ ಎದ್ದು ಬರಬೇಕು.

ಯಂತ್ರದ ಗಡಿಬಿಡಿ ತಾನಾಗಿ ಅಡಗುತ್ತದೆ. ಕೈಯ ರೂಢಿಯ ಕಥೆ ಬೇರೆ. 1995ರಿಂದ ವಿಂಡೋಸ್‌ನ ಸ್ಟಾರ್ಟ್ ಬಟನ್ ಪರದೆಯ ಕೆಳಗಿನ ಎಡಮೂಲೆಯಲ್ಲಿತ್ತು. ಗುರಿ ಎಷ್ಟು ದೂರ, ಎಷ್ಟು ದೊಡ್ಡದು ಎಂಬುದರ ಮೇಲೆ ಅದನ್ನು ಮುಟ್ಟುವ ಸಮಯ ನಿರ್ಧಾರವಾಗುತ್ತದೆಂದು ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ತೋರಿಸಿದ್ದರು. ಈ ಲೆಕ್ಕದಲ್ಲಿ ಮೂಲೆಗೆ ವಿಶೇಷ ಸ್ಥಾನವಿದೆ: ಮೌಸನ್ನು ಎಷ್ಟೇ ಜೋರಾಗಿ ತಳ್ಳಿದರೂ ಬಾಣದ ಗುರುತು ಪರದೆಯ ಅಂಚು ದಾಟುವುದಿಲ್ಲವಾದ್ದರಿಂದ, ಕಣ್ಣು ಹಾಯಿಸದೆಯೇ ಅಲ್ಲಿಗೆ ತಲುಪಬಹುದು. 2021ರ ವಿಂಡೋಸ್ 11ರಲ್ಲಿ ಆ ಬಟನ್ ನಡುವಿಗೆ ಸರಿಯಿತು. ಅಷ್ಟೇ ಆಗಿದ್ದರೆ ಕೈ ಹೊಸ ಜಾಗವನ್ನು ಕಲಿತುಬಿಡುತ್ತಿತ್ತೋ ಏನೋ. ಆದರೆ ಪರದೆಯ ಕೆಳಗಿನ ಪಟ್ಟಿಯಾದ ಟಾಸ್ಕ್‌ಬಾರಿನ ಐಕಾನ್‌ಗಳ ಸಾಲು ಒಟ್ಟಾಗಿ ನಡುವಿನಲ್ಲಿ ನಿಲ್ಲುವುದರಿಂದ, ಇನ್ನೊಂದು ತಂತ್ರಾಂಶ ತೆರೆದೊಡನೆ ಸ್ಟಾರ್ಟ್ ಬಟನ್ ತುಸು ಎಡಕ್ಕೆ ಜರುಗುತ್ತದೆ. ಜರುಗುತ್ತಲೇ ಇರುವ ಗುರಿಯನ್ನು ಕೈ ಕಲಿಯುವುದು ಕಷ್ಟ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮತ್ತೆ ಎಡಕ್ಕೆ ತಳ್ಳುವವರನ್ನು ಹಳೆಯದಕ್ಕೆ ಜೋತುಬಿದ್ದವರೆಂದು ನಗುವುದು ನನಗೆ ಸರಿಕಾಣುವುದಿಲ್ಲ.

ಎಲ್ಲ ಕಿರಿಕಿರಿಗೂ ಇಂಥ ಆಧಾರವಿಲ್ಲ. 2011ರಲ್ಲಿ ಮ್ಯಾಕ್‌ನ ಲಯನ್ ಆವೃತ್ತಿ ಸ್ಕ್ರೋಲಿಂಗಿನ ದಿಕ್ಕನ್ನೇ ತಿರುಗಿಸಿದಾಗ ಅನೇಕರಿಗೆ ಅದು ಉಲ್ಟಾ ಎನಿಸಿತು. ಟಚ್‌ಸ್ಕ್ರೀನ್ ಫೋನಿನಲ್ಲಿ ಅದೇ ದಿಕ್ಕಿಗೆ ಬೆರಳು ಆಡಿಸುವುದು ಯಾರಿಗೂ ತೊಡಕೆನಿಸುವುದಿಲ್ಲ. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ ಮಾಯವಾದದ್ದರ ಮೇಲಿನ ಸಿಟ್ಟು ಮಾತ್ರ ತಣಿಯಲಿಲ್ಲ, ಮರುವರ್ಷದ 8.1ರಲ್ಲಿ ಅದು ಮರಳಿ ಬಂತು.

ಹಿಂದಿನ ಆವೃತ್ತಿಗೆ ಮರಳುವ ದಾರಿಯನ್ನು ವಿಂಡೋಸ್ 11 ಸಾಮಾನ್ಯವಾಗಿ 10 ದಿನ ತೆರೆದಿಡುತ್ತದೆ. ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಹಳೆಯ ವ್ಯವಸ್ಥೆ ಹಲವು ಗಿಗಾಬೈಟ್ ಜಾಗ ಹಿಡಿದು ಕುಳಿತಿರುತ್ತದೆ, ಅವಧಿ ಮುಗಿದ ಮೇಲೆ ತಾನಾಗಿ ಅಳಿಸಿಹೋಗುತ್ತದೆ. ಜಾಗ ಕಡಿಮೆಯಾಯಿತೆಂದು ಮೊದಲ ದಿನವೇ ಅದನ್ನು ಅಳಿಸುವವರಿದ್ದಾರೆ. ಯಂತ್ರದ ಗಡಿಬಿಡಿಯಾದರೂ ಅಡಗುವವರೆಗೆ ನಾನು ಅದರ ತಂಟೆಗೆ ಹೋಗುವುದಿಲ್ಲ.